ಅಣ್ಣನ ತೂಕದ ಬೆಲ್ಲ

ಹರಕೆ, ಶಕುನಗಳ ವಿಷಯದಲ್ಲಿ ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟವನಲ್ಲ. ನಂಬುವುದಿಲ್ಲ ಎಂದು ನೇರವಾಗಿಯೇ ಹೇಳುತ್ತಿದ್ದೆ. ಬೆಳಗಾವಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದವನು ನಾನು. ತೂಕ ತಪ್ಪಿದರೆ ದೋಷ ತಕ್ಕಡಿಯದು, ಇಲ್ಲವೇ ತೂಗುವವನ ಕೈಯದು, ಮೂರನೆಯದಿಲ್ಲ ಎಂದು ಮಕ್ಕಳಿಗೆ ಹೇಳಿಕೊಟ್ಟಿದ್ದೆ. ಈಗ ಹಾಗೆ ಹೇಳುವ ಧೈರ್ಯ ನನಗಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಖಾನಾಪುರದಲ್ಲಿ ನಮ್ಮ ಅಣ್ಣನದು ಉರುವಲು ಕಟ್ಟಿಗೆಯ ಅಡ್ಡೆ. ಆಳು ದಪ್ಪ, ತನ್ನ ಹೊಟ್ಟೆಯನ್ನು ತಾನೇ ಗೇಲಿ ಮಾಡಿಕೊಂಡು ನಗುವವನು, ಕುಳಿತರೆ ರೊಟ್ಟಿಯ ಬುಟ್ಟಿ ಖಾಲಿ. ಅಂಥವನು ಊಟ ಸೇರುತ್ತಿಲ್ಲ ಎಂದಾಗ ಬೆಳಗಾವಿಗೆ ಕರೆತಂದು ತೋರಿಸಿದೆ. ಜಠರದ ಕ್ಯಾನ್ಸರ್ ಎಂದರು. ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ.

"ಹೊಟ್ಟಿ ಮ್ಯಾಲಿನ ಕೊಬ್ಬು ಆಪರೇಶನ್ನಿಗೆ ತ್ರಾಸ ಕೊಡತೈತಿ, ಗಾಯ ಮಾಗೂದೂ ತಡ. ಆದ್ರ ಜಠರ ತಗದ ಮ್ಯಾಲೆ ಊಟ ಮೈಗೆ ಹತ್ತೂದಿಲ್ಲ, ತೂಕ ಇಳೀತೈತಿ. ಆವಾಗ ಈ ಕೊಬ್ಬೇ ನಿಮಗ ಬುತ್ತಿ. ಬುತ್ತಿ ತೀರೂದ್ರೊಳಗ ಊಟ ಹತ್ತಬೇಕು ನೋಡ್ರಿ," ಎಂದರು.

ಅಣ್ಣ ಗುಣವಾದ ಮೇಲೆ ಅವನ ತೂಕದ ಬೆಲ್ಲವನ್ನು ಊರ ಬಸವಣ್ಣನಿಗೆ ಕೊಡುತ್ತೇನೆಂದು ಅವ್ವ ಹರಕೆ ಹೊತ್ತಿದ್ದಳು. ಡಾಕ್ಟರ ಮಾತು ಕೇಳಿದ್ದೇ ಅವಳ ಲೆಕ್ಕ ಬದಲಾಯಿತು. "ಸೊರಗಿದ ಮ್ಯಾಲೆ ತೂಗಿದ್ರ ಬಸವಣ್ಣಗ ಮೋಸ ಮಾಡಿದಂಗ. ಈಗ ಹೆಂಗದಾನ, ಹಂಗ ತೂಗೂಣು," ಎಂದಳು. ಹರಕೆ ಫಲಿಸುವ ಮೊದಲೇ ತೀರಿಸುವ ಪದ್ಧತಿ ಇಲ್ಲವೆಂದು ಪೂಜಾರಿ ಅನುಮಾನಿಸಿದರು. ಅವ್ವ ಕೇಳಲಿಲ್ಲ. ದೇವರ ಹತ್ತಿರವೂ ಕಡಿಮೆ ತೂಗಬಾರದು ಎನ್ನುವ ಜೀವ ಅದು.

ಆಸ್ಪತ್ರೆಗೆ ಹೊರಡುವ ದಿನ ಬೆಳಿಗ್ಗೆ ಅಡ್ಡೆಯ ದೊಡ್ಡ ತಕ್ಕಡಿಯನ್ನೇ ತಂದು ಗುಡಿಯ ಪಡಸಾಲೆಯ ತೊಲೆಗೆ ಕಟ್ಟಿದೆವು. ಆಸ್ಪತ್ರೆಯಲ್ಲಿ ಅಣ್ಣ ತೊಂಬತ್ತು ಕಿಲೋ ತೂಗಿದ್ದ. ಹತ್ತು ಹತ್ತು ಕಿಲೋದ ದೊಡ್ಡ ಅಚ್ಚಿನ ಒಂಬತ್ತು ಪೆಂಟಿ ಬೆಲ್ಲ ತಂದಿದ್ದೆವು. ಅಣ್ಣ ಒಂದು ತಟ್ಟೆಯಲ್ಲಿ ಚಕ್ಕಂಬಕ್ಕಳ ಹಾಕಿ ಕುಳಿತ. ನಾನು ಪೆಂಟಿ ಇಡತೊಡಗಿದೆ. ಐದನೆಯದನ್ನು ಇಟ್ಟಾಗ ಅಣ್ಣನ ತಟ್ಟೆ ಮೆಲ್ಲಗೆ ನೆಲ ಬಿಟ್ಟು ಮೇಲಕ್ಕೆದ್ದಿತು.

ಅಣ್ಣನೇ ನಕ್ಕು, ಬಸವಣ್ಣ ರಿಯಾಯಿತಿ ಕೊಟ್ಟಾನ ಎಂದ. ನಾನು ಕಬ್ಬಿಣದ ತೂಕದ ಕಲ್ಲುಗಳನ್ನಿಟ್ಟು ಪರೀಕ್ಷಿಸಿದೆ. ಪೆಂಟಿಗಳು ಹತ್ತು ಕಿಲೋವೇ ಇದ್ದವು. ತಕ್ಕಡಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮನುಷ್ಯನನ್ನೇ ಕೂಡಿಸಿ ನೋಡೋಣವೆಂದು ನಾನೇ ಕುಳಿತೆ. ನಾಲ್ಕನೆಯ ಪೆಂಟಿಗೆ ನಾನು ಮೇಲೆದ್ದೆ. ನೋಡಲು ನಾನು ಕಡ್ಡಿ ಪೈಲವಾನ, ಎಲ್ಲರೂ ನಕ್ಕರು. ನನ್ನ ತೂಕ ಎಷ್ಟೆಂದು ನನಗೂ ಗೊತ್ತಿರಲಿಲ್ಲ, ಸರಿಯಿರಬೇಕು ಅಂದುಕೊಂಡೆ. ಮತ್ತೆ ಅಣ್ಣ ಕುಳಿತ. ಮತ್ತೆ ಅದೇ ಐದು. ಅವ್ವ ಉಳಿದ ಪೆಂಟಿಗಳನ್ನೂ ತಟ್ಟೆಗೆ ಹಾಕಿಸಿ ಕೈ ಮುಗಿದಳು.

ಆಪರೇಶನ್ ಚೆನ್ನಾಗಿಯೇ ಆಯಿತು. ಡಾಕ್ಟರು ಹೇಳಿದಂತೆ ಗಾಯ ತಡವಾಗಿ ಮಾಗಿತು, ಆದರೆ ಮಾಗಿತು. ಊಟ ಮಾತ್ರ ಹತ್ತಲಿಲ್ಲ. ನಾಲ್ಕು ಚಮಚ ಗಂಜಿ ಇಳಿದರೆ ಸಾಕು, ಬೆವರಿ ಮಲಗಿಬಿಡುತ್ತಿದ್ದ. ಪ್ರತಿ ಸಲ ತೋರಿಸಲು ಬಂದಾಗ ತೂಗುತ್ತಿದ್ದರು. ಎಂಬತ್ತಕ್ಕಿಳಿದ, ಎಪ್ಪತ್ತಕ್ಕಿಳಿದ. ನರ್ಸು ಕಿಲೋ ಹೇಳಿದರೆ ನನಗೆ ಕಾಣುತ್ತಿದ್ದುದು ಪೆಂಟಿ. ಎಲ್ಲಿ ನಿಲ್ಲುತ್ತದೋ ಎಂಬ ಭಯ ಯಾರ ಹತ್ತಿರವೂ ಹೇಳಿಕೊಳ್ಳುವಂತಿರಲಿಲ್ಲ.

ಕೊನೆಯ ಸಲ ಮುಳ್ಳು ಐವತ್ತಕ್ಕೆ ನಿಂತಿತು. ಡಾಕ್ಟರು ಅಂದೇ ದಾಖಲಾಗಿ ಎಂದರು. ಊರಿಗೆ ಹೋಗಿ ಅವ್ವನ ಮುಖ ನೋಡಿಕೊಂಡು ನಾಳೆ ಬರುತ್ತೇನೆಂದು ಅಣ್ಣ ಹಟ ಹಿಡಿದ. ಮಧ್ಯಾಹ್ನದ ರೈಲು ಹತ್ತಿದೆವು. ದೇಸೂರು ಸ್ಟೇಶನ್ ದಾಟಿದ ಮೇಲೆ ನನ್ನ ಭುಜಕ್ಕೆ ತಲೆ ಆನಿಸಿದ. "ತಮ್ಮಾ, ಇವತ್ತ ಭಾಳ ಹಗುರ ಅನಸಾಕತ್ತೈತಿ," ಎಂದ. ಖಾನಾಪುರದಲ್ಲಿ ಇಳಿಸಲು ಎಬ್ಬಿಸಿದಾಗ ಅಣ್ಣ ಇರಲಿಲ್ಲ.

ಬುತ್ತಿ ತೀರಿತ್ತು ಎಂದರು ಡಾಕ್ಟರು. ಅದು ನನಗೆ ಅರ್ಥವಾಗುತ್ತದೆ. ಕಟ್ಟಿಗೆ ಅಡ್ಡೆಯ ತಕ್ಕಡಿಗೆ ಅದು ಮೊದಲೇ ಹೇಗೆ ತಿಳಿಯಿತು ಎಂಬುದು ಅರ್ಥವಾಗುವುದಿಲ್ಲ.

ಎಲ್ಲ ಕಾರ್ಯ ಮುಗಿಸಿ ಬೆಳಗಾವಿ ಸ್ಟೇಶನ್ನಿನಲ್ಲಿ ಇಳಿದ ದಿನ, ಅಲ್ಲಿದ್ದ ತೂಕದ ಯಂತ್ರದ ಮೇಲೆ ಏಕೋ ಹತ್ತಿ ನಿಂತು ನಾಣ್ಯ ಹಾಕಿದೆ. ಬಂದ ಚೀಟಿಯಲ್ಲಿ ಐವತ್ತೆಂಟು ಎಂದಿತ್ತು. ಗುಡಿಯಲ್ಲಿ ನಾನು ತೂಗಿದ್ದು ನಾಲ್ಕೇ ಪೆಂಟಿ. ಇದನ್ನು ಹೆಂಡತಿಗೂ ಇಂದಿನವರೆಗೆ ಹೇಳಿಲ್ಲ.

ಈಗ ನಿವೃತ್ತನಾಗಿದ್ದೇನೆ. ಈಚೆಗೆ ನನಗೂ ಊಟ ಅಷ್ಟಾಗಿ ಸೇರುತ್ತಿಲ್ಲ, ಪ್ಯಾಂಟು ಸೊಂಟದಲ್ಲಿ ನಿಲ್ಲುವುದಿಲ್ಲ. ಭಾಳ ಸೊರಗೀರಿ ಎಂದು ಹೆಂಡತಿ ಜಗಳವಾಡಿ ಹೋದ ವಾರ ದವಾಖಾನೆಗೆ ಕರೆದೊಯ್ದಳು. ಒಳಗೆ ಹೋಗುವ ಮೊದಲು ನರ್ಸು ತೂಕದ ಯಂತ್ರ ತೋರಿಸಿ, "ಚಪ್ಪಲಿ ಬಿಟ್ಟು ಹತ್ರಿ, ಸರ್," ಎಂದಳು.

ಚಪ್ಪಲಿ ಬಿಟ್ಟೆ. ಯಂತ್ರದಲ್ಲಿ ನಲವತ್ತರ ಗೆರೆ ಎಲ್ಲಿದೆಯೆಂದು ನೋಡಿದೆ. ಆಮೇಲೆ ಮತ್ತೆ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ.