ಇಳಕಲ್ ಸೆರಗಿನ ನಿಯಾನ್ ಬೋರ್ಡು

ಕಾರಣವಿಲ್ಲದೆ ಏನೂ ನಡೆಯುವುದಿಲ್ಲ ಎಂದು ವಾದಿಸುವವರ ಪೈಕಿ ನಾನೂ ಒಬ್ಬ. ಯಾರಾದರೂ ಶಕುನದ ಮಾತೆತ್ತಿದರೆ ನಗುತ್ತಿದ್ದೆ. ಲಂಡನ್ನಿನ ಹಳೆಯ ಅಂಗಡಿಗಳ ನಿಯಾನ್ ಬೋರ್ಡು ದುರಸ್ತಿ ಮಾಡುವುದು ನನ್ನ ಕಸುಬು. ಗಾಜಿನ ಕೊಳವೆ, ಒಳಗೆ ಗ್ಯಾಸು, ಕರೆಂಟು. ಇದರಲ್ಲಿ ದೆವ್ವಕ್ಕೆಲ್ಲಿ ಜಾಗ? ಹಾಗಿದ್ದೂ ಕೆಲವು ವರ್ಷಗಳ ಹಿಂದೆ ಈಸ್ಟ್ ಹ್ಯಾಮ್‌ನ ಒಂದು ಸೀರೆ ಅಂಗಡಿಯ ಮುಂದೆ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಅಂಗಡಿ ವಿಜಯಪುರದ ಕಡೆಯ ಕುಟುಂಬದ್ದು. ಮನೆಯ ಹಿರಿಯಾಕೆಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಮೈಸೂರಿನವನಾದ ನಾನೂ ಹಾಗೇ ಕರೆಯತೊಡಗಿದೆ. ಅಂಗಡಿ ತೆರೆದ ಹೊಸತರಲ್ಲಿ, ಇಂಗ್ಲಿಷ್ ಸರಿಯಾಗಿ ಬಾರದ ಆಕೆ ತಮ್ಮ ಮದುವೆಯ ಇಳಕಲ್ ಸೀರೆಯನ್ನು ನೆಲಕ್ಕೆ ಹಾಸಿ, ಸೆರಗಿನಲ್ಲಿ ಸಾಲಾಗಿ ನಿಂತ ತೆನೆಗಳನ್ನು ಕಾಗದದ ಮೇಲೆ ಬರೆದುಕೊಟ್ಟು, ಅದೇ ಆಕಾರದಲ್ಲಿ ಗಾಜು ಬಗ್ಗಿಸಿ ಕೆಂಪು ಬೋರ್ಡು ಮಾಡಿಸಿದ್ದರಂತೆ. ಎಷ್ಟೋ ಬೋರ್ಡು ನೋಡಿದ್ದೇನೆ, ಇಷ್ಟು ಚೆಂದದ್ದು ನೋಡಿಲ್ಲ. ಮುಸ್ಸಂಜೆ ದೇವರಿಗೆ ದೀಪ ಹಚ್ಚಿ, ಹೊರಗೆ ಬಂದು ಬೋರ್ಡಿಗೂ ಕೈ ಮುಗಿಯುವುದು ಅವರ ರೂಢಿ.

ಬೋರ್ಡು ಕೆಟ್ಟಾಗ ಅವರ ಮಗ ಎಲ್‌ಇಡಿ ಹಾಕಿಸೋಣ ಎಂದರು. ಆಯಿ ಜಗ್ಗಲಿಲ್ಲ, ದುರಸ್ತಿಗೆ ನನ್ನನ್ನು ಕರೆಸಿದರು. ಆ ಹೊತ್ತಿಗೆ ಅವರ ಕಣ್ಣು ಮಂಜಾಗುತ್ತ ಬಂದಿತ್ತು, ದೃಷ್ಟಿ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

"ಕಣ್ಣು ಪೂರಾ ಹೋಗೂದ್ರಾಗ ಬೋರ್ಡು ಹತ್ತಿದ್ದು ಒಮ್ಮೆ ನೋಡ್ಬೇಕಪಾ," ಎಂದರು ಆಯಿ. ತೋರಿಸುತ್ತೇನೆ ಎಂದು ಮಾತು ಕೊಟ್ಟೆ.

ಕೊಳವೆಗಳನ್ನೆಲ್ಲ ವರ್ಕ್‌ಶಾಪಿನಲ್ಲಿ ಬೆಳಗಿಸಿ ನೋಡಿ, ಒಂದು ಚಳಿಗಾಲದ ಮಧ್ಯಾಹ್ನ ಗೋಡೆಗೆ ಕೂರಿಸಿದೆ. ಕೊಳವೆಗಳಿಗೆ ಕರೆಂಟು ಕೊಡಲು ತೆನೆಗೊಂದರಂತೆ ತಂದ ಟ್ರಾನ್ಸ್‌ಫಾರ್ಮರ್‌ಗಳು ಇನ್ನೂ ವ್ಯಾನಿನಲ್ಲೇ ಇದ್ದವು. ಅಷ್ಟರಲ್ಲೇ ಕತ್ತಲಾಯಿತು. ಉಳಿದದ್ದು ನಾಳೆಗೆ ಎಂದು ಏಣಿ ಇಳಿದೆ. ಆಯಿ ದೀಪ ಹಚ್ಚಿ ಹೊರಬಂದು, ತಲೆಯೆತ್ತಿ ಕೈ ಮುಗಿದರು. ಮುಖವೆಲ್ಲ ಅರಳಿತ್ತು.

"ಭಾಳ ಛಲೋ ಆತು. ನಡುವಿನ ತೆನಿ ಅಷ್ಟ ಹತ್ತಿಲ್ಲ ನೋಡಪಾ," ಎಂದರು.

ಒಂದು ತೆನೆಯೂ ಹೊತ್ತಿರಲಿಲ್ಲ. ಬೋರ್ಡಿಗೆ ಕರೆಂಟೇ ಇರಲಿಲ್ಲ. ಪಾಪ, ಕಣ್ಣಿನ ಭ್ರಮೆ ಎಂದುಕೊಂಡು ಏಣಿ ಮಡಚಿ ವ್ಯಾನಿಗೆ ಹಾಕಿದೆ.

ಮರುದಿನ ಬೆಳಿಗ್ಗೆ ಎದ್ದಾಗ ಆಯಿಗೆ ಏನೂ ಕಾಣಿಸುತ್ತಿರಲಿಲ್ಲವಂತೆ. ಅವರನ್ನು ಆಸ್ಪತ್ರೆಗೆ ಕರೆದೊಯ್ದಿದ್ದಾಗಲೇ ನಾನು ಬೋರ್ಡಿಗೆ ಕರೆಂಟು ಕೊಟ್ಟೆ. ತೆನೆಗಳೆಲ್ಲ ಕೆಂಪಗೆ ಬೆಳಗಿದವು. ನಡುವಿನದೊಂದು ಮಾತ್ರ ಬೆಳಗಲಿಲ್ಲ.

ಬಿಚ್ಚಿ ನೋಡಿದರೆ ಕೂದಲೆಳೆಯಂಥ ಬಿರುಕು, ಒಳಗಿನ ಗ್ಯಾಸು ಸೋರಿಹೋಗಿತ್ತು. ಅದನ್ನು ಕಾಣಲು ನನಗೆ ಭೂತಗನ್ನಡಿ ಬೇಕಾಯಿತು. ಕೆಳಗೆ ನಿಂತಿದ್ದ ಆಯಿಗೆ ಹೇಗೆ ತಿಳಿಯಿತು?

ಕೊಳವೆ ಸರಿಮಾಡಿ ತಂದು ಕೂರಿಸಿದ ಸಂಜೆ, ಮಗ ಆಯಿಯ ಕೈ ಹಿಡಿದು ಹೊರಗೆ ಕರೆತಂದರು.

"ತೋರಿಸೋಕೆ ಆಗ್ಲಿಲ್ಲ, ಆಯಿ," ಎಂದೆ.

ಆಯಿ ನನ್ನ ತೋಳು ಸವರಿದರು. "ನಾ ಆವತ್ತ ನೋಡೇನಲ್ಲೋ. ಆ ಒಂದು ತೆನಿ ಈಗ ಹತ್ತೇತಿಲ್ಲೋ?"

"ಉರೀತಿದೆ, ಆಯಿ."

ಅವರು ಬೋರ್ಡಿನತ್ತ ತಿರುಗಿ ಕೈ ಮುಗಿದರು. ಪಕ್ಕದಲ್ಲಿ ನಿಂತಿದ್ದ ನಾನೂ ಮುಗಿದೆ.