ಹೊಸ್ತಿಲು ದಾಟದ ಕಂಪ್ಯೂಟರ್

ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ, ಮಾತೂ ಸಾಲದು. ಒಂಬತ್ತನೆಯ ತರಗತಿಯ ಅರ್ಧಕ್ಕೆ ಶಾಲೆ ಬಿಟ್ಟವಳು ನಾನು. ತಪ್ಪಾಗದಿರಲೆಂದು ಒಂದೊಂದು ವಾಕ್ಯವನ್ನೂ ಹಳೆಯ ಪಾಟಿಯ ಮೇಲೆ ಬರೆದು, ಓದಿ, ಆಮೇಲೆ ಇಲ್ಲಿಗೆ ಇಳಿಸಿದ್ದೇನೆ. ನನ್ನ ಹೆಸರು ರೂಬಿನಾ. ಬರೆಯುತ್ತಿರುವುದು ನನ್ನ ದಾದಿ, ಎಂದರೆ ಅಪ್ಪನ ತಾಯಿ, ಮೆಹರುನಬಿಯ ಬಗ್ಗೆ. ಅವಳನ್ನು ಹೊಗಳಲು ಬರೆಯುತ್ತಿಲ್ಲ.

ನಾವು ನವಲಗುಂದದವರು. ನಮ್ಮ ಮನೆಯ ಕಸುಬು ಜಮಖಾನೆ ನೇಯುವುದು. ನಮ್ಮ ಮನೆಯಲ್ಲಿ ಸೊಸೆಯಂದಿರು ಮಾತ್ರ ಮಗ್ಗಕ್ಕೆ ಕೂರುತ್ತಾರೆ. ಮನೆಯ ಹೆಣ್ಣುಮಕ್ಕಳಿಗೆ ನೇಯ್ಗೆಯ ಚಿತ್ರ ಕಲಿಸುವುದಿಲ್ಲ. ಅವರು ಮದುವೆಯಾಗಿ ಹೋಗುವವರು, ಕಲಿಸಿದರೆ ಚಿತ್ರವೂ ಅವರ ಜೊತೆ ಹೋಗುತ್ತದೆ ಎಂದು ಲೆಕ್ಕ. ದಾದಿ ತಿರ್ಲಾಪುರದಿಂದ ಸೊಸೆಯಾಗಿ ಬಂದಾಗ ಅತ್ತೆ ಅವಳಿಗೆ ಬರೀ ಅಂಚು ನೇಯಲು ಕೊಟ್ಟಿದ್ದಳಂತೆ. ಗಂಡು ಮಗು ಹುಟ್ಟಿದ ಮೇಲೆ ನವಿಲಿನ ಚಿತ್ರ ಕಲಿಸಿದಳಂತೆ. ದಾದಿ ಇದನ್ನು ಅವಮಾನ ಎಂದು ಹೇಳುವುದಿಲ್ಲ, ನಿಯಮ ಎಂದು ಹೇಳುತ್ತಾಳೆ. ಅದೇ ನಿಯಮವನ್ನು ನನ್ನ ಅಮ್ಮ ಶಮೀಮಾಬಿಯ ಮೇಲೂ ಹೇರಿದಳು. ತನ್ನ ಸ್ವಂತ ಮಗಳು ರೇಷ್ಮಾಬಿ ಒಮ್ಮೆ ಮಗ್ಗದ ಹಿಂದೆ ನಿಂತು ಎಳೆ ಎಣಿಸಿದ್ದಕ್ಕೆ ಪಂಜಾದಿಂದ ಅವಳ ಕೈಗೆ ಹೊಡೆದಳು. ಪಂಜಾ ಎಂದರೆ ನೂಲನ್ನು ಬಡಿದು ಕೂರಿಸುವ ಕಬ್ಬಿಣದ ಹಲ್ಲಿನ ಸಾಧನ. ರೇಷ್ಮಾಬಿ ಈಗ ಅಣ್ಣಿಗೇರಿಯಲ್ಲಿದ್ದಾಳೆ, ಹಬ್ಬಕ್ಕೂ ಬರುವುದಿಲ್ಲ.

ಕಣ್ಣಿಗೆ ಪೊರೆ ಬಂದ ಮೇಲೆ ದಾದಿಗೆ ಎಳೆ ಕಾಣಿಸದಾಯಿತು. ಚಿತ್ರಗಳೆಲ್ಲ ಅವಳ ತಲೆಯಲ್ಲಿದ್ದವು. ಆಗ ಅಪ್ಪ, ಮುಚ್ಚಿಹೋದ ಒಂದು ಸೈಬರ್ ಅಂಗಡಿಯಿಂದ ಹಳೆಯ ಕಂಪ್ಯೂಟರ್ ತಂದರು. ದಾದಿ ಹೇಳುವುದು, ಅಮ್ಮ ಪರದೆಯ ಮೇಲಿನ ಚೌಕಗಳಿಗೆ ಬಣ್ಣ ತುಂಬುವುದು. ಎರಡು ಕೆಂಪು, ಒಂದು ಕಪ್ಪು, ಮತ್ತೆ ಎರಡು ಕೆಂಪು. ಹೀಗೆ ಮನೆಯ ಚಿತ್ರಗಳನ್ನೆಲ್ಲ ಒಳಗಿಟ್ಟರು. ಅಷ್ಟು ದಿನ ಪಕ್ಕದಲ್ಲೇ ಕೂತರೂ ಬಣ್ಣದ ಹೆಸರು ಬಿಟ್ಟು ಬೇರೊಂದು ಮಾತನ್ನು ಇಬ್ಬರೂ ಆಡಲಿಲ್ಲ. ಊಟಕ್ಕೆ ಏಳಬೇಕು ಎನ್ನುವುದನ್ನೂ ನನ್ನ ಮೂಲಕ ಹೇಳಿಸುತ್ತಿದ್ದರು. ನಾನು ಬಾಗಿಲವರೆಗೆ ಮಾತ್ರ ಬರಬಹುದಿತ್ತು.

ಈ ವರ್ಷ ಆ ಕಂಪ್ಯೂಟರ್ ಕೆಟ್ಟಿತು. ಚಾಲೂ ಆದ ಸ್ವಲ್ಪ ಹೊತ್ತಿಗೆ ತಾನೇ ಆರಿಹೋಗುತ್ತಿತ್ತು. ಮಗ್ಗದ ಮೇಲೆ ಹುಬ್ಬಳ್ಳಿಯ ಗಿರಾಕಿಗಳು ಹೇಳಿದ್ದ ಜಮಖಾನೆ ಅರ್ಧಕ್ಕೆ ನಿಂತಿತ್ತು. ನವಿಲಿನ ಕಾಲು ಮುಗಿದಿತ್ತು, ಮೈ ಶುರುವಾಗಬೇಕಿತ್ತು. ಪರದೆ ನೋಡದೆ ಅಮ್ಮನಿಗೆ ಮುಂದಿನ ಸಾಲು ಬಾರದು. ದಾದಿಗೂ ಈಗ ಮರೆವು. ಅವಳು ಹೇಳಿದಂತೆ ನೇಯ್ದದ್ದನ್ನೆಲ್ಲ ಬಿಚ್ಚಬೇಕಾಯಿತು. ಆ ಡಬ್ಬಿಯೊಳಗಿನ ಚಿತ್ರಗಳು ಹೋದರೆ ನಮ್ಮ ಮನೆಯಲ್ಲಿ ನವಿಲು ನೇಯುವವರೇ ಇರುವುದಿಲ್ಲ.

ಅಮ್ಮ ಹೊಸದು ತರಬೇಕೆಂದಳು. ಹಳೆಯದನ್ನು ಅಂಗಡಿಗೆ ಒಯ್ದರೆ ಒಳಗಿನದನ್ನು ಅವರೇ ಹೊಸದಕ್ಕೆ ಹಾಕಿಕೊಡುತ್ತಾರೆ ಎಂದಳು. ದಾದಿ ನನ್ನ ಕಡೆ ತಿರುಗಿದಳು. ಮನೆಯೊಳಗೆ ನಾವು ಆಡುವುದು ಉರ್ದು. ಅದನ್ನು ಓಣಿಯ ಕನ್ನಡದಲ್ಲಿ ಬರೆದಿದ್ದೇನೆ.

"ನಿಮ್ಮವ್ವಗ ಹೇಳು. ಈ ಡಬ್ಬಿ ಹೊಸ್ತಿಲಾ ದಾಟಬೇಕಂದ್ರ ಮದಲ ನನ್ನ ಹೆಣಾ ದಾಟಬೇಕು."

ಇದನ್ನೇ ರಿಪೇರಿ ಮಾಡಿಸಬೇಕು ಎನ್ನುವುದು ಅವಳ ಹಟ. ಹಳೆಯದಕ್ಕೆ ಎಷ್ಟು ಸಾಮಾನು ಹಾಕಿದರೂ ಅದು ಹಳೆಯದೇ ಎಂದು ದಾದಿಗೆ ತಿಳಿಸಲು ಅಮ್ಮ ನನಗೆ ಹೇಳಿದಳು. ಅಮ್ಮನ ಕಣ್ಣು ಕುಂದಗೋಳದ ತವರಿನ ಮೇಲಿದೆ, ಚಿತ್ರಗಳನ್ನು ಅಲ್ಲಿಗೆ ಸಾಗಿಸುವ ಹಂಚಿಕೆ ಇದು ಎಂದು ದಾದಿ ತಿರುಗಿ ಹೇಳಿಸಿದಳು. ಅಮ್ಮ ಕೈಲಿದ್ದ ಲಟ್ಟಣಿಗೆಯನ್ನು ನೆಲಕ್ಕೆ ಬಡಿದಳು. ಈ ಜಗಳ ಒಂದು ವಾರ ನಡೆಯಿತು. ಕೊನೆಗೆ, ರಿಪೇರಿಯವನೇ ಮನೆಗೆ ಬರಲಿ ಎಂದು ದಾದಿ ಒಪ್ಪಿದಳು.

ಬಂದವನು ಬಸ್ ನಿಲ್ದಾಣದ ಹತ್ತಿರ ಅಂಗಡಿ ಇಟ್ಟಿರುವ ಬೀರಲಿಂಗ. ದಾದಿ ಅವನ ಕಿಸೆಯಲ್ಲಿದ್ದ ಫೋನು, ಪೆನ್ ಡ್ರೈವ್ ಎಲ್ಲವನ್ನೂ ಒಂದು ತಾಟಿಗೆ ಹಾಕಿಸಿದಳು. ಆ ತಾಟು ಹಿಡಿದು ನಾನು ಬಾಗಿಲಲ್ಲಿ ನಿಂತೆ. ಅವನ ಮುಖ ಆಗಲೇ ಕೆಟ್ಟಿತ್ತು. ದಾದಿ ಪಂಜಾವನ್ನು ತೊಡೆಯ ಮೇಲಿಟ್ಟುಕೊಂಡು ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಕೂತಳು.

ಮೆಮರಿ ಹೆಚ್ಚಿಸಿ, ಒಳಗೆ ವೇಗದ ಡಿಸ್ಕ್ ಒಂದನ್ನು ಹಾಕಿದರೆ ಇದೇ ಇನ್ನೂ ಕೆಲವು ವರ್ಷ ನಡೆಯಬಹುದು, ಹೊಸದು ಬೇಕಾಗಲಿಕ್ಕಿಲ್ಲ ಎಂದು ಅವನು ಮೊದಲು ಹೇಳಿದ. ದಾದಿ ಗೆದ್ದವಳಂತೆ ಅಮ್ಮನ ದಿಕ್ಕಿಗೆ ಮುಖ ಎತ್ತಿದಳು. ಆಮೇಲೆ ಅವನು ಸ್ಕ್ರೂ ಬಿಚ್ಚಿ ಪಕ್ಕದ ತಗಡು ತೆಗೆದ. ಹಿಂದಿನ ಜಾಲರಿಯಿಂದ, ಫ್ಯಾನಿನ ಬಾಯಿಂದ, ಪೆನ್ ಡ್ರೈವ್ ಚುಚ್ಚುವ ಕಿಂಡಿಗಳಿಂದ ನೂಲಿನ ಉಂಡೆಗಳನ್ನು ಒಂದೊಂದಾಗಿ ಕಿತ್ತು ನೆಲದ ಮೇಲಿಟ್ಟ. ಕೆಂಪು, ಕಪ್ಪು, ಬಿಳಿ. ಎಲ್ಲಕ್ಕೂ ಹುಣಸೆ ಬೀಜದ ಅಂಟು ಹಚ್ಚಿತ್ತು.

"ಯಾರ್ರಿ ಇದನ್ನ ತುರುಕಿದಾವ್ರು?"

"ನಾನ," ಎಂದಳು ದಾದಿ. "ತೂತು ಇದ್ದಲ್ಲೆ ಚಿತ್ರಾ ಹೊರಗ ಹೋಗ್ತಾವು. ಅದಕ್ಕ ಎಲ್ಲಾ ಮುಚ್ಚೀನಿ."

"ಅಮ್ಮಾರ, ಅವು ಉಸಿರಾಡೂ ತೂತು. ಬಾಯಿ ಮೂಗು ಒತ್ತಿ ಹಿಡದು ಕೊಂದೀರಿ ನೀವು."

ಒಳಗಿನ ಹಸಿರು ಹಲಗೆ ಒಂದು ಕಡೆ ಕಾದು ಕಂದಾಗಿತ್ತು. ಇನ್ನು ಇದಕ್ಕೆ ಏನು ಹಾಕಿದರೂ ದಂಡ, ಹೊಸದೇ ಆಗಬೇಕು ಎಂದು ಬೀರಲಿಂಗ ಹೇಳಿದ. ಚಿತ್ರಗಳಿರುವ ಡಿಸ್ಕ್ ಬಹುಶಃ ಸರಿಯಾಗಿದೆ, ಅದೊಂದನ್ನು ಅಂಗಡಿಗೆ ಕೊಟ್ಟರೆ ಸಂಜೆಯೊಳಗೆ ಹೊಸದಕ್ಕೆ ಕೂಡಿಸಿ ತರುತ್ತೇನೆ ಎಂದ. ದಾದಿ ಪಂಜಾ ಎತ್ತಿದಳು.

"ನಿನ್ನ ಅಂಗಡಿಗೆ ಹೋದ್ರ ನಾಳೆ ಬಾಜಾರ ತುಂಬ ನಮ್ಮ ನವಿಲ ಇರ್ತಾವು."

"ಈಗೇನ ಇಲ್ಲೇನ್ರಿ? ನೀವು ಮಾರಿದ ಜಮಖಾನಿ ಫೋಟೋ ಹೊಡಕೊಂಡು, ಬಟ್ಟಿ ಮ್ಯಾಲ ಛಾಪಿಸಿ ಮಾರಾಕತ್ತಾರ. ನಿಮ್ಮ ನವಿಲು ಯಾವತ್ತೋ ಹೋಗ್ಯಾವು."

ಅವನು ಡಿಸ್ಕನ್ನು ಕಿತ್ತು, ದಾದಿಯ ಚಾಚಿದ ಕೈಗೆ ಕೊಡದೆ, ನೆಲದ ಮೇಲಿಟ್ಟು ಎದ್ದ. ಬಾಗಿಲಲ್ಲಿ ನನ್ನ ತಾಟಿನಿಂದ ಫೋನು ಎತ್ತಿಕೊಳ್ಳುತ್ತಾ ಹೇಳಿದ. "ಎರಡ ವಾಯರ್, ನಾಕ ಸ್ಕ್ರೂ. ನಿಮ್ಮ ಮನ್ಯಾಗ ಒಬ್ಬರನ್ನೊಬ್ಬರು ನಂಬಾವ್ರು ಇದ್ರ ನೀವ ಕೂಡಿಸ್ಕೋರಿ."

ಅಪ್ಪ ಹೊಸ ಕಂಪ್ಯೂಟರ್ ತಂದು ಮೇಜಿನ ಮೇಲಿಟ್ಟರು. ಈ ಜಗಳಕ್ಕೆ ತಾವು ಬರುವುದಿಲ್ಲ ಎಂದು ಟೆಂಪೋ ಹತ್ತಿ ಹೋದರು. ಡಿಸ್ಕ್ ದಾದಿಯ ಟ್ರಂಕಿನಲ್ಲಿದೆ. ಅಮ್ಮ ಅದನ್ನು ಮುಟ್ಟಕೂಡದು ಎಂದು ದಾದಿ. ಕೈಮುಗಿದು ಕರೆದರೂ ಮುಟ್ಟುವುದಿಲ್ಲ ಎಂದು ಅಮ್ಮ. ಹುಬ್ಬಳ್ಳಿಯವರು ದಿನಾ ಫೋನು ಮಾಡುತ್ತಿದ್ದಾರೆ. ದಾದಿ ಮಗ್ಗದ ಹತ್ತಿರ ಹೋಗಿ, ನವಿಲಿನ ಕಾಲು ಎಲ್ಲಿ ಮುಗಿದಿದೆ ಎಂದು ಬೆರಳಿನಿಂದ ತಡವಿ ನೋಡಿ ಬರುತ್ತಾಳೆ.

ನಿನ್ನೆ ನಾನು ಕೂಡಿಸುತ್ತೇನೆ ಎಂದು ಹೇಳಿದೆ. ಎರಡು ಸಲ ಹೇಳಬೇಕಾಯಿತು. ಬೀರಲಿಂಗ ಬಿಚ್ಚಿದ್ದನ್ನು ನಾನು ನೋಡಿದ್ದೆ.

"ನೀ ಇನ್ನೊಬ್ಬರ ಮನೀಗೆ ಹೋಗಾಕಿ," ಎಂದಳು ದಾದಿ.

ಅಮ್ಮ ನನ್ನ ಕಡೆ ನಿಲ್ಲುತ್ತಾಳೆಂದು ಅಂದುಕೊಂಡಿದ್ದೆ. "ನಾ ಇಷ್ಟ ವರ್ಷ ಬೈಸ್ಕೊಂಡು ಕಲತದ್ದನ್ನ ನೀ ನಿಂತ ನೋಡಿ ಒಯ್ಯೂದು ಬ್ಯಾಡ," ಎಂದಳು ಅವಳು.

ದಾದಿ ಆ ಮಾತು ಬಂದ ಕಡೆಗೆ ತಿರುಗಿದಳು. ನಾನು ಕಂಡಂತೆ ಮೊದಲ ಸಲ, ಬಣ್ಣದ ಹೆಸರಲ್ಲದ ಮಾತೊಂದನ್ನು ಅಮ್ಮನಿಗೇ ನೇರವಾಗಿ ಹೇಳಿದಳು. "ವಾಯರ್ ಆಕಿ ಕೂಡಿಸ್ಲಿ. ಚಿತ್ರಾ ತೆಗಿಯೂ ಮದಲ ಆಕೀನ್ನ ಎಬ್ಬಿಸು."

"ಹೌದ್ರಿ. ಅಡಗಿ ಮನೀಗೆ ಕಳಸೂಣು," ಎಂದಳು ಅಮ್ಮ.

ಅವರಿಬ್ಬರೂ ಮಾತಾಡಿದ್ದಕ್ಕೆ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ನನ್ನನ್ನು ಹೊರಗಿಡುವುದರಲ್ಲಿ ಇಬ್ಬರೂ ಒಂದಾಗಿದ್ದರು. ರೇಷ್ಮಾಬಿ ಏಕೆ ಬರುವುದಿಲ್ಲ ಎಂದು ಈಗ ಗೊತ್ತಾಯಿತು.

ಶುಕ್ರವಾರ ನಮಾಜು ಮುಗಿದ ಮೇಲೆ ಡಿಸ್ಕ್ ಕೂಡಿಸಬೇಕೆಂದು ನಿಶ್ಚಯವಾಗಿದೆ. ಕೂಡಿಸುತ್ತೇನೆ. ಚಿತ್ರ ತೆರೆಯುವಾಗ ಎದ್ದು ಅಡುಗೆ ಮನೆಗೆ ಹೋಗುವುದಿಲ್ಲ, ಅಲ್ಲೇ ಕೂತು ನೋಡುತ್ತೇನೆ. ಇದನ್ನು ಸ್ಕ್ರೂ ಮುಟ್ಟುವ ಮೊದಲೇ ಇಬ್ಬರಿಗೂ ಹೇಳುತ್ತೇನೆ.