ಪ್ರೆಸ್ಸಿನ ಕಾಗದದ ಪರದೆ

ನಮ್ಮ ಕಡೆ ಹೆಣ್ಣು ನೋಡಿ ಬಂದರೆ ಅರ್ಧ ಕೆಲಸ ಮಾತ್ರ ಮುಗಿದಂತೆ. ಆಮೇಲೆ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬರುತ್ತಾರೆ. ಅಡುಗೆಮನೆಗೆ ಬೆಳಕು ಬರುತ್ತದಾ, ನೀರು ಎಲ್ಲಿಂದ ಹೊರಬೇಕು, ಬಚ್ಚಲು ಎಲ್ಲಿದೆ, ಎಲ್ಲ ನೋಡಿಕೊಂಡು ಕಾಫಿ ಕುಡಿದು ಹೋಗಿ, ಒಂದು ವಾರದಲ್ಲಿ ಹೇಳಿ ಕಳಿಸುತ್ತಾರೆ. ನನಗೆ ಎರಡು ಸಂಬಂಧ ತಪ್ಪಿಹೋಗಿದ್ದವು. ಎರಡೂ ತಪ್ಪಿದ್ದು ಮನೆ ನೋಡಿದ ಮೇಲೆ.

ನಾವಿದ್ದದ್ದು ಗುಬ್ಬಿಯಲ್ಲಿ, ಒಂದು ಹೆಂಚಿನ ಬಾಡಿಗೆ ಮನೆಯಲ್ಲಿ. ಅವ್ವ ಮತ್ತು ನಾನು ಇಬ್ಬರೇ. ಮುಂದೆ ಒಂದು ಕೋಣೆ, ಹಿಂದೆ ಅಡುಗೆಮನೆ. ಎರಡರ ನಡುವೆ ಚೌಕಟ್ಟು ಇತ್ತು, ಬಾಗಿಲು ಇರಲಿಲ್ಲ. ಬಂದವರು ಚಾಪೆಯ ಮೇಲೆ ಕೂತರೆ ಸೌದೆ ಒಲೆ ಮತ್ತು ಮಸಿ ಹಿಡಿದ ಗೋಡೆ ನೇರವಾಗಿ ಕಣ್ಣಿಗೆ ಬೀಳುತ್ತಿದ್ದವು. ಎರಡನೇ ಸಲ ಬಂದವರಲ್ಲಿ ಒಬ್ಬಾಕೆ ಚಪ್ಪಲಿ ಹಾಕಿಕೊಳ್ಳುತ್ತಾ, "ಹಾಡಹಗ್ಲೇ ದೀಪ ಹಚ್ಕಂಡು ಮುದ್ದೆ ತೊಳಸ್ಬೇಕು ಕಣೇ ಈ ಮನೇಲಿ" ಅಂದಿದ್ದು ಅವ್ವನಿಗೆ ಕೇಳಿಸಿತ್ತು. ಅವತ್ತಿನಿಂದ ಅವ್ವನಿಗೆ ಆ ಚೌಕಟ್ಟಿನದೇ ಚಿಂತೆ.

ಮೂರನೆಯದು ಕುಣಿಗಲ್ ಕಡೆಯ ಸಂಬಂಧ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು, ನನಗೆ ಇಪ್ಪತ್ತೊಂಬತ್ತು ತುಂಬಿತ್ತು. ಹುಡುಗಿ ಹತ್ತನೇ ಕ್ಲಾಸು ಪಾಸು. ಹೆಣ್ಣು ನೋಡುವ ದಿನ ಅವಳು ತಟ್ಟೆ ಇಟ್ಟು ಒಳಗೆ ಹೋದಳು, ಒಂದು ಮಾತೂ ಆಡಲಿಲ್ಲ. ನನಗೆ ಒಪ್ಪಿಗೆಯಾಯಿತು. ಆದರೆ ಅಲ್ಲಿ ಕೂತಷ್ಟು ಹೊತ್ತೂ ಯಾವಾಗ ಎದ್ದೇನೋ ಅನ್ನಿಸುತ್ತಿತ್ತು. ಮಧ್ಯಸ್ಥಿಕೆ ವಹಿಸಿದ್ದ ನನ್ನ ಸೋದರಮಾವ ಅವರಿಗೆ, "ಹುಡ್ಗ ಏಳನೇ ಕ್ಲಾಸು ಓದವ್ನೆ" ಎಂದು ಹೇಳಿಬಿಟ್ಟಿದ್ದ.

ನಾನು ಓದಿದ್ದು ಎರಡನೇ ಕ್ಲಾಸು. ಆಮೇಲೆ ಕುರಿ ಹಿಂದೆ ಹೋದೆ, ಕಲಿತ ಅಕ್ಷರ ಮರೆತುಹೋದವು. ಹೆಸರನ್ನು ಚಿತ್ರ ಬರೆದ ಹಾಗೆ ಬರೆಯುತ್ತಿದ್ದೆ, ಅಷ್ಟೇ. ಹತ್ತನೇ ಕ್ಲಾಸು ಕಟ್ಟಿ ಪಾಸು ಮಾಡಿದ್ದು ಅದಾಗಿ ಬಹಳ ವರ್ಷದ ಮೇಲೆ. ಈ ಸಂಬಂಧ ಬಂದ ಹೊತ್ತಿಗೆ ಬಸ್ಸಿನ ಬೋರ್ಡನ್ನೂ ಬಣ್ಣ ನೋಡಿ ಗುರುತು ಹಿಡಿಯುತ್ತಿದ್ದೆ.

ಬರುವಾಗ ಬಸ್ಸಿನಲ್ಲಿ ಮಾವನಿಗೆ, "ಯಾಕ್ ಮಾವ ಹಂಗಂದೆ?" ಎಂದು ಕೇಳಿದೆ.

"ಎರಡನೇ ಕ್ಲಾಸು ಅಂದ್ರೆ ಈಗಿನ ಕಾಲ್ದಲ್ಲಿ ಯಾವನ್ಲಾ ಹೆಣ್ಣು ಕೊಡ್ತಾನೆ? ಅವ್ರೇನು ನಿನ್ನ ಕೂರ್ಸಿ ಪರೀಕ್ಷೆ ಮಾಡ್ತಾರಾ? ಬಾಯ್ ಮುಚ್ಕಂಡಿರು. ಮನೆ ಒಂದು ಸರಿ ಮಾಡ್ಕಳಿ, ಸಾಕು" ಅಂದ.

ಬಾಯಿ ಮುಚ್ಚಿಕೊಂಡೆ. ಹನ್ನೊಂದು ದಿನ ಬಿಟ್ಟು ಭಾನುವಾರ ಬರುತ್ತೇವೆಂದು ಅವರು ಹೇಳಿದ್ದರು.

ನಾನು ತುಮಕೂರಿನ ಸತ್ಯಮಂಗಲದಲ್ಲಿ ಕಬ್ಬಿಣದ ಬೀರು ಮಾಡುವ ಒಂದು ಶೆಡ್ಡಿನಲ್ಲಿ ಪೇಂಟ್ ಹೊಡೆಯುತ್ತಿದ್ದೆ. ಡಬ್ಬಿಯ ತಳದಲ್ಲಿ ಉಳಿದ ಪೇಂಟನ್ನು ಮಾಲೀಕರನ್ನು ಕೇಳಿ ಮನೆಗೆ ತಂದೆ. ಖಾಲಿ ಬಾಟಲಿಗಳಿಗೆ ನೀಲಿ, ಹಳದಿ ಬಳಿದು ಮನಿಪ್ಲಾಂಟ್ ಬಳ್ಳಿ ಇಟ್ಟೆ. ತೆಂಗಿನ ಚಿಪ್ಪನ್ನು ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿ, ಕೆಂಪು ಬಳಿದು, ಮೂರು ಚಿಪ್ಪು ಒಂದರ ಕೆಳಗೊಂದು ತೂಗುಹಾಕಿದೆ. ಅವ್ವ ತನ್ನ ಹಳೆಯ ಹಸಿರು ಸೀರೆಯ ಸೆರಗು ಕತ್ತರಿಸಿ ಕಿಟಕಿಗೆ ಕಟ್ಟಿದಳು. ಆದರೆ ಚೌಕಟ್ಟು ಹಾಗೇ ಇತ್ತು. ಅದಕ್ಕೂ ಸೀರೆ ಕಟ್ಟೋಣವೆಂದರೆ ಅವ್ವ ಒಪ್ಪಲಿಲ್ಲ. "ಬಚ್ಚಲಿಗೆ ಕಟ್ಟಿದಂಗೆ ಕಾಣ್ತದೆ ಬುಡು."

ಆಗ ಊರಲ್ಲಿ ಕೆಲವರ ಮನೆಯಲ್ಲಿ ಕಾಗದದ ಕೊಳವೆಯ ಪರದೆ ಇರುತ್ತಿತ್ತು. ಹಳೇ ಕಾರ್ಡುಗಳನ್ನು ಬೆರಳುದ್ದ ಸುತ್ತಿ, ದಾರಕ್ಕೆ ಪೋಣಿಸಿ, ಸಾಲಾಗಿ ಇಳಿಬಿಡುತ್ತಿದ್ದರು. ಗಾಳಿಗೆ ಸರಸರ ಅನ್ನುತ್ತಿತ್ತು. ನಾನು ಬಸ್ಸು ಹತ್ತುವ ಕಡೆ ಒಂದು ಪ್ರೆಸ್ಸಿತ್ತು. ಅಲ್ಲಿ ಮಿಷನ್ ನಡೆಸುವವನ ಜೊತೆ ಟೀ ಕುಡಿದು ಪರಿಚಯ. ಅವನನ್ನು ಕೇಳಿದೆ. ಪ್ರಿಂಟಾಗುವಾಗ ಕೆಟ್ಟ ಮದುವೆ ಕಾರ್ಡು ಒಂದು ಮೂಟೆ ಕೊಟ್ಟ. ಹಳದಿ, ಗುಲಾಬಿ, ಗಿಳಿಹಸಿರು. ಕೆಲವುಗಳ ಮೇಲೆ ಚಿನ್ನದ ಬಣ್ಣದ ಗಣಪತಿ. ಹಿಂಭಾಗ ಬಿಳಿ. ಕೆಲವುಗಳ ಬಿಳಿಯ ಮೇಲೆ ಕಪ್ಪು ಅಕ್ಷರ ಇದ್ದವು. "ಮಿಷನ್ನಿಗೆ ಇಂಕು ಸರಿಯಾಗಿ ಕೂತೈತಾ ಅಂತ ನೋಡಕ್ಕೆ ಕೆಟ್ ಕಾರ್ಡಿನ ಹಿಂದ್ಗಡೆ ಒಂದೆರಡು ಹೊಡ್ಕಂತೀವಿ ಗುರು, ಏನಾರ ಇರ್ತದೆ" ಅಂದ. ಬಿಲ್ಲು ಗಿಲ್ಲು ಇರಬೇಕು ಅಂದುಕೊಂಡೆ.

ಮೈದಾಹಿಟ್ಟಿನ ಅಂಟಿಗೆ ಜಿರಲೆ ಹತ್ತದಿರಲೆಂದು ಚೂರು ಮೈಲುತುತ್ತ ಹಾಕಿ ಕಾಯಿಸಿದೆವು. ಸೈಕಲ್ ಕಡ್ಡಿಗೆ ಕಾರ್ಡು ಸುತ್ತಿ, ಅಂಚಿಗೆ ಅಂಟು ಸವರಿ, ಕಡ್ಡಿ ಎಳೆದರೆ ಒಂದು ಕೊಳವೆ. ಅವ್ವ ಬಹಳ ವರ್ಷ ಬೀಡಿ ಕಟ್ಟಿದವಳು. ಅವಳ ಬೆರಳಿಗೆ ಇದು ಆಟ. ನಾನು ಒಂದು ಸುತ್ತುವಷ್ಟರಲ್ಲಿ ಅವಳು ನಾಲ್ಕು ಸುತ್ತುತ್ತಿದ್ದಳು, ಒಂದೂ ಸಡಿಲವಿಲ್ಲ. ಎಂಟು ದಿನಕ್ಕೆ ಮುಕ್ಕಾಲು ಪರದೆ ಆಯಿತು. ನೇತುಹಾಕಿ ದೂರ ನಿಂತು ನೋಡಿದಳು.

"ಬರೀ ಬಣ್ಣ ಆದ್ರೆ ಕಣ್ಣಿಗೆ ಹೊಡೀತದೆ ಕಣ್ಲಾ. ಮಧ್ಯ ಮಧ್ಯ ಬಿಳೀದು ಬರ್ಲಿ."

ಬಿಳಿ ಭಾಗ ಹೊರಗೆ ಬರುವಂತೆ ನಾನೇ ಕೂತು ಸುತ್ತಿದೆ. ಅಕ್ಷರ ಇದ್ದ ಕಾರ್ಡುಗಳನ್ನೇ ಆರಿಸಿಕೊಂಡೆ. ಕಪ್ಪು ಸಾಲು ಕೊಳವೆಯ ಉದ್ದಕ್ಕೂ ನೆಟ್ಟಗೆ ಬರುವಂತೆ ಅಳತೆ ಮಾಡಿ ಕತ್ತರಿಸಿದೆ. ನೋಡಲು ಚೆಂದವಿತ್ತು. ಏಳನೇ ಕ್ಲಾಸು ಓದಿದವನ ಮನೆಯಲ್ಲಿ ನಾಲ್ಕು ಅಕ್ಷರ ಕಾಣಲಿ ಎಂಬ ಆಸೆಯೂ ಇದ್ದಿರಬೇಕು. ಮೇಲೆ ಒಂದು ಕೈ ವಾರ್ನಿಷ್ ಎಳೆದಾಗ ಅಕ್ಷರ ಇನ್ನೂ ಹೊಳೆದವು.

ಭಾನುವಾರ ಹತ್ತೂವರೆಗೆ ಬಂದರು. ಹುಡುಗಿಯ ತಂದೆ, ಅವರ ಅಕ್ಕ, ಜೊತೆಗೆ ಇಬ್ಬರು ನೆಂಟರು. ತಂದೆ ಮಾತು ಕಡಿಮೆಯ ಮನುಷ್ಯ. ಅಕ್ಕ ಇಬ್ಬರ ಮಾತನ್ನೂ ತಾನೇ ಆಡುವಾಕೆ. ಒಳಗೆ ಕಾಲಿಟ್ಟವಳೇ ಪರದೆ ನೋಡಿ ಅಲ್ಲೇ ನಿಂತಳು.

"ಅಯ್ ಶಿವನೆ, ಇದ್ಯಾರವ್ವ ಮಾಡಿದ್ದು?"

"ನನ್ ಮಗಾನೇ, ನಾನೊಂದೀಟು ಕೈ ಹಾಕ್ದೆ" ಅಂದಳು ಅವ್ವ. ಆ ಮುಖದಲ್ಲಿ ಅಂಥ ಬೆಳಕನ್ನು ನಾನು ನೋಡಿ ಎಷ್ಟೋ ದಿನವಾಗಿತ್ತು.

"ಗಂಡು ಹುಡ್ಗ ಮಾಡವ್ನಾ! ನಮ್ಮನೆ ಗಂಡಸ್ರು ಕುಡಿದ್ ಲೋಟ ಎತ್ತಿಡಲ್ಲ." ಆಕೆ ಪರದೆಯ ಹತ್ತಿರ ಹೋಗಿ ಒಂದೊಂದೇ ಎಳೆ ಹಿಡಿದು ನೋಡಿದಳು. "ಏನೋ ಬರ್ದವ್ರಲ್ಲ ಇದ್ರಲ್ಲಿ. ನಂಗೆ ಅಕ್ಷರ ಬರಲ್ಲ ಕಣಪ್ಪ. ಏನ್ ಬರ್ದವ್ರೆ, ವಸಿ ಓದೇಳು."

ನಾನು ಕಾಫಿ ತಟ್ಟೆ ಹಿಡಿದು ನಿಂತಿದ್ದೆ. ತಟ್ಟೆಯನ್ನು ಚಾಪೆಯ ಮೇಲೆ ಇಟ್ಟೆ.

ಬಾಗಿಲ ಹತ್ತಿರ ಕೂತಿದ್ದ ಮಾವ ಬಾಯಿ ಹಾಕಿದ. "ಪ್ರೆಸ್ಸಿನ ಕಾಗ್ದ ಅಕ್ಕೋ, ಏನಿರ್ತದೆ ಅದ್ರಲ್ಲಿ. ಬನ್ನಿ, ಕಾಫಿ ಆರೋಯ್ತದೆ."

"ನಿನ್ನ ಕೇಳ್ನಿಲ್ಲ ಕಣಣ್ಣ. ಓದಿದ್ ಹುಡ್ಗನ್ನ ಕೇಳ್ದೆ. ಓದಪ್ಪ, ನಾಚ್ಕೆನಾ?"

ಹೋಗಿ ಎಳೆ ಹಿಡಿದೆ. ಎಲ್ಲರೂ ನನ್ನ ಬೆನ್ನು ನೋಡುತ್ತಿದ್ದರು. ನಾನೇ ಅಳೆದು ಕತ್ತರಿಸಿದ ಸಾಲು. ಒಂದು ಅಕ್ಷರವೂ ನನಗೆ ಪರಿಚಯವಿರಲಿಲ್ಲ. "ಬೆಳಕು ಸಾಲ್ದು" ಅಂದೆ. ಈ ಮನೆಯಲ್ಲಿ ಬೆಳಕು ಸಾಲದು ಎಂಬ ಮಾತನ್ನು ನನ್ನ ಬಾಯಿಂದಲೇ ಆಡಿದ್ದೆ. ಅವ್ವ ಕಣ್ಣು ಮುಚ್ಚಿಕೊಂಡಳು.

ಹುಡುಗಿಯ ತಂದೆ ಎದ್ದರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ನನ್ನ ಪಕ್ಕ ಬಂದು ನಿಂತರು. ಒಂದು ಕೊಳವೆ ತಿರುಗಿಸಿ ಓದಿದರು. ಪಕ್ಕದ ಎಳೆಯದು ಓದಿದರು. ಮತ್ತೊಂದು. ಕನ್ನಡಕ ತೆಗೆದು ಜೇಬಿಗೆ ಇಟ್ಟರು.

"ಏನಪ್ಪಾ ಅದು?" ಅಂದಳು ಅವರ ಅಕ್ಕ.

"ಮದ್ವೆ ಕಾರ್ಡು ಕಣಕ್ಕ." ಆಮೇಲೆ ನನ್ನ ಕಡೆ ತಿರುಗಿ, "ಹಿಂದ್ಗಡೆ ನಲ್ಲಿ ತೋರ್ಸು ಬಾಪ್ಪ, ನೀರು ಹೆಂಗೆ ನೋಡಣ" ಅಂದರು.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತರು. ನಲ್ಲಿಯ ಕಡೆ ನೋಡಲೂ ಇಲ್ಲ.

"ಅದ್ರಲ್ಲಿ ಏನೈತೆ ಗೊತ್ತಾ ನಿಂಗೆ?"

ನಾನು ನಲ್ಲಿಯ ಕೆಳಗಿದ್ದ ಬಿಂದಿಗೆಯನ್ನು ಪಕ್ಕಕ್ಕೆ ಸರಿಸಿದೆ.

"ದೈವಾಧೀನರಾದರು ಅಂತೈತೆ. ಹನ್ನೊಂದನೇ ದಿನದ ಸಮಾರಾಧನೆ ಅಂತೈತೆ. ತಿಥಿ ಕಾರ್ಡು. ಒಂದಲ್ಲ, ಏಳೆಂಟು ಕೊಳವೇಲಿ ಅದೇನೇ."

ತಿಥಿ ಕಾರ್ಡು ಬಂದರೆ ನಮ್ಮಲ್ಲಿ ಹೊಸಲು ದಾಟಿಸುವುದಿಲ್ಲ. ಯಾರ ಕೈಲಾದರೂ ಹೊರಗೇ ಓದಿಸಿಕೊಂಡು, ಅಲ್ಲೇ ಹರಿದು ಬಿಸಾಕಿ, ಕೈ ತೊಳೆದು ಒಳಗೆ ಬರಬೇಕು. ನಾನು ಅದಕ್ಕೆ ವಾರ್ನಿಷ್ ಹೊಡೆದು ಚೌಕಟ್ಟಿಗೆ ಕಟ್ಟಿದ್ದೆ. ಶುಭಕಾರ್ಯಕ್ಕೆ ಬಂದವರನ್ನು ಅದರ ಮುಂದೆ ಕೂರಿಸಿದ್ದೆ.

"ನಮ್ಮಕ್ಕಂಗೆ ಗೊತ್ತಾದ್ರೆ ಈಗ್ಲೇ ಎದ್ದು ಹೊಯ್ತಾಳೆ. ಅದ್ಕೇ ಸುಳ್ಳೇಳ್ದೆ. ನೀನು ನಿಜ ಹೇಳು. ಗೊತ್ತಿದ್ದೂ ಕಟ್ಟಿದ್ಯಾ?"

ಒಳಗಿನಿಂದ ಮಾವನ ಧ್ವನಿ ಕೇಳಿತು. "ನಲ್ಲೀಲಿ ದಿನಾ ನೀರ್ ಬತ್ತದೆ ಯಜಮಾನ್ರೆ!"

ನನಗೆ ಮೂರು ದಾರಿ ಇದ್ದವು. ಓದು ಬರುತ್ತದೆ ಅಂದರೆ, ಓದಿಯೂ ಸಾವಿನ ಕಾರ್ಡು ಕಟ್ಟಿದ ದರಿದ್ರದವನಾಗುತ್ತೇನೆ. ಗಮನಿಸಲಿಲ್ಲ ಅಂದರೂ ಆಗುತ್ತಿತ್ತೇನೋ. ಆದರೆ ಒಂದೊಂದು ಸಾಲೂ ಅಳೆದು ಹೊರಗೆ ಕಾಣಿಸಿದ್ದನ್ನು ಅವರು ನೋಡಿದ್ದರು. ಬರುವುದಿಲ್ಲ ಅಂದರೆ ಮಾವನ ಸುಳ್ಳು ಬಯಲಾಗುತ್ತದೆ, ಮೂರನೇ ಸಂಬಂಧವೂ ಹೋಗುತ್ತದೆ. ಒಳಗೆ ಅವ್ವ ಯಾವುದಕ್ಕೋ ನಗುತ್ತಿದ್ದಳು.

"ನಂಗೆ ಓದಕ್ಕೆ ಬರಲ್ಲ ಯಜಮಾನ್ರೆ" ಅಂದೆ.

"ಏಳನೇ ಕ್ಲಾಸು ಅಂದ್ರು."

"ಎರಡನೇದು. ಅದೂ ಪೂರ್ತಿ ಹೋಗ್ಲಿಲ್ಲ."

ಅವರು ನಲ್ಲಿ ತಿರುಗಿಸಿ ಕೈ ತೊಳೆದುಕೊಂಡರು. ಟವೆಲ್ಲಿಗೆ ಒರೆಸುತ್ತಾ, "ನಿಮ್ ಮಾವ ಹೇಳಿದ್ದು ಸುಳ್ಳು. ಪಕ್ಕದಲ್ಲಿ ಕೂತು ನೀನು ಸುಮ್ನಿದ್ದಿದ್ದೂ ಸುಳ್ಳೇ ಕಣಪ್ಪ" ಅಂದರು. ಒಳಗೆ ಹೋದರು.

ಅಷ್ಟಕ್ಕೇ ಮುಗಿಯಲಿಲ್ಲ. ಹೊರಡುವಾಗ ಅಕ್ಕ ಮತ್ತೆ ಪರದೆಯ ಮುಂದೆ ನಿಂತು, "ಇಂಥದೇ ಒಂದು ನಮ್ಮನೆಗೂ ಮಾಡ್ಕೊಡ್ಬೇಕು ಹುಡ್ಗ" ಅಂದಳು. ಅವ್ವ ಹಿಂದೆ ಮುಂದೆ ನೋಡಲಿಲ್ಲ. "ಮಾಡೋದೇನು, ಇದ್ನೇ ತಗಂಡೋಗಿ ತಾಯಿ. ನಿಮ್ಮನೆ ಬೇರೆಯಲ್ಲ, ನಮ್ಮನೆ ಬೇರೆಯಲ್ಲ" ಎಂದು ಮಣೆ ಎಳೆದು ಹತ್ತಿ ಮೊಳೆಗೆ ಕೈ ಹಾಕಿದಳು. "ಅವ್ವಾ, ಬೇಡ" ಅಂದೆ. ಅವಳಿಗೆ ಕೇಳಿಸಲಿಲ್ಲ. ಒಂದು ಕಡೆಯ ದಾರ ಬಿಚ್ಚಿಯೇ ಬಿಟ್ಟಿದ್ದಳು. ಅರ್ಧ ಪರದೆ ಆ ಅಕ್ಕನ ತೋಳ ಮೇಲೆ ಬಿತ್ತು.

"ಬೇಡಕ್ಕ" ಅಂದರು ತಂದೆ. ಅವರು ದನಿ ಎತ್ತಿದ್ದು ಅದೊಂದೇ ಸಲ. "ಬಸ್ಸಲ್ಲಿ ನುಗ್ಗಾಗೋಯ್ತದೆ. ಬುಡು, ನಡಿ."

ಅವರು ಹೋದ ಮೇಲೆ ಅವ್ವನಿಗೆ ಹೇಳಿದೆ. ಅವಳು ಬಯ್ಯಲಿಲ್ಲ. ಕೋಲಿನಲ್ಲಿ ಪರದೆ ಎತ್ತಿ ಹಿತ್ತಲಿಗೆ ಒಯ್ದು ಬೆಂಕಿ ಇಟ್ಟಳು. ತಲೆಗೆ ನೀರು ಹುಯ್ದುಕೊಂಡು ಬಂದು, ಮನೆಗೆಲ್ಲ ಅರಿಶಿನದ ನೀರು ಚಿಮುಕಿಸಿ, ಒಲೆ ಮುಂದೆ ಕೂತಳು. ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು. "ಬಿಳೀದು ಹಾಕು ಅಂದೋಳು ನಾನೇ" ಅಂದಳು. ಅಷ್ಟೇ.

ಒಂದು ವಾರ ಯಾರೂ ಬರಲಿಲ್ಲ. ಮಾವ ದಿನಾ ಸಂಜೆ ಬಂದು, "ಇನ್ನೂ ಹೇಳ್ ಕಳ್ಸಿಲ್ವಾ?" ಎಂದು ಕೇಳಿ ಹೋಗುತ್ತಿದ್ದ. ಹಿತ್ತಲಲ್ಲಿ ನಡೆದ ಮಾತು ಅವನಿಗೆ ಹೇಳಲು ನನಗೆ ಧೈರ್ಯ ಬರಲಿಲ್ಲ. ಕೆಲಸದಲ್ಲಿ ಎರಡು ಬೀರುವಿಗೆ ತಪ್ಪು ಬಣ್ಣ ಹೊಡೆದೆ.

ಒಂಬತ್ತನೇ ದಿನ ಮಧ್ಯಾಹ್ನ ಶೆಡ್ಡಿನ ಗೇಟಿನ ಹತ್ತಿರ ಹುಡುಗಿಯ ತಂದೆ ಒಬ್ಬರೇ ನಿಂತಿದ್ದರು. ಪೇಂಟಿನ ಕೈಯಲ್ಲೇ ಓಡಿ ಹೋದೆ.

"ಮಗಳಿಗೆ ಎಲ್ಲಾ ಹೇಳ್ದೆ" ಅಂದರು. "ತಿಥಿ ಕಾರ್ಡಿನ ವಿಷ್ಯಕ್ಕೆ ನಕ್ಕಳು. ಏಳನೇ ಕ್ಲಾಸಿನ ವಿಷ್ಯಕ್ಕೆ ನಗ್ಲಿಲ್ಲ."

ನಾನು ಕೈಯ ಪೇಂಟನ್ನು ಅಂಗಿಗೆ ಒರೆಸಿಕೊಂಡೆ.

"ಓದು ಬರ್ದೆ ಇದ್ರೆ ಇರ್ಲಿ ಅಂದ್ಲು. ಆದ್ರೆ ಲಗ್ನಪತ್ರಿಕೆ ದಿನ, ಐನೋರು ಪತ್ರಿಕೆ ಓದಕ್ಕೆ ಮುಂಚೆ, ಎಲ್ಲರ ಎದುರಿಗೆ ನೀನೇ ಹೇಳ್ಬೇಕಂತೆ. ನಿಮ್ ಮಾವ ಅಲ್ಲ. ನೀನು. ನಾಳೆ ಯಾರಾದ್ರೂ ಆಡ್ಕಂಡ್ರೆ ಅವ್ಳು ತಲೆ ಎತ್ಕಂಡಿರ್ಬೇಕಲ್ಲ. ಆಗಕಿಲ್ಲ ಅಂದ್ರೆ ಈಗ್ಲೇ ಹೇಳ್ಬುಡು."

"ಹೇಳ್ತೀನಿ" ಅಂದೆ.

ಮಾವನಿಗೆ ಗೊತ್ತಾದಾಗ ಸಿಟ್ಟಿನಿಂದ ಕುಣಿದಾಡಿಬಿಟ್ಟ. "ಮಾನ ಬುಟ್ಟು ಮದ್ವೆ ಆಗ್ತೀಯೇನ್ಲಾ? ನನ್ನ ಮಾತಿಗೇನು ಬೆಲೆ?" ಬರುವುದೇ ಇಲ್ಲ ಅಂದ. ಕೊನೆಗೆ ಬಂದು ಹಿಂದಿನ ಸಾಲಿನಲ್ಲಿ ಕೂತ.

ಕುಣಿಗಲ್‌ನಲ್ಲಿ ಅವರ ಮನೆಯ ಪಡಸಾಲೆ ತುಂಬಾ ಜನ. ಐನೋರು ಲಗ್ನಪತ್ರಿಕೆಗೆ ಅರಿಶಿನ ಹಚ್ಚಿ ಕೈಗೆತ್ತಿಕೊಂಡರು. ಹುಡುಗಿಯ ತಂದೆ ನನ್ನ ಕಡೆ ನೋಡಿದರು. ಎದ್ದು ನಿಂತೆ.

"ನಾನು ಏಳನೇ ಕ್ಲಾಸು ಓದಿಲ್ಲ. ಎರಡನೇ ಕ್ಲಾಸು. ಓದಕ್ಕೆ ಬರಲ್ಲ. ಮೊದ್ಲೇ ಹೇಳ್ಬೇಕಾಗಿತ್ತು, ಹೇಳ್ಲಿಲ್ಲ. ತಪ್ಪಾಯ್ತು."

ಯಾರೋ ಹಿಂದಿನಿಂದ ಕಿಸಕ್ಕೆಂದರು. ಗೋಡೆಗೆ ಒರಗಿದ್ದ ಮುದುಕರೊಬ್ಬರು, "ಮತ್ತೆ ಇನ್ನೇನೇನೈತೋ ಇದ್ರೊಳಗೆ" ಅಂದರು. ಹೆಂಗಸರ ಕಡೆ ಗುಸುಗುಸು ಶುರುವಾಯಿತು. ಐನೋರು ಪತ್ರಿಕೆ ಮಡಿಸಿ ತೊಡೆಯ ಮೇಲಿಟ್ಟುಕೊಂಡು ಹುಡುಗಿಯ ತಂದೆಯ ಮುಖ ನೋಡಿದರು. ಅವರು ಒಳಕೋಣೆಯ ಬಾಗಿಲ ಕಡೆ ತಿರುಗಿದರು.

"ಕೇಳಿಸ್ತೇನವ್ವ?"

ನಾನು ಕೂರಲೋ ನಿಲ್ಲಲೋ ತಿಳಿಯದೆ ನಿಂತೇ ಇದ್ದೆ. ಒಳಗಿನಿಂದ ಅವಳ ದನಿ ಬಂತು. ಅದನ್ನು ನಾನು ಕೇಳಿದ್ದು ಅದೇ ಮೊದಲು.

"ಕೇಳಿಸ್ತು ಕಣಪ್ಪ. ಐನೋರು ಓದ್ಲಿ."